ಕೂದಲು ಉದುರದ ನಾಯಿ

ನನ್ನ ಚಿಕ್ಕಮ್ಮನನ್ನು ಯಾರು ಎಷ್ಟು ಬೈದರೂ ಕೇಳಿಸಿಕೊಂಡೇನು. ನಾನೇ ಬೇಕಾದಷ್ಟು ಬೈದಿದ್ದೇನೆ. ಆದರೆ ಅವಳು ದುಡ್ಡಿನಾಸೆಗೆ ನಾಯಿಮರಿ ಹಾಕಿಸಿದಳು ಎಂದು ಯಾರಾದರೂ ಅಂದರೆ ಮಾತ್ರ ಸುಮ್ಮನಿರಲಾರೆ. ಅವಳು ಅದನ್ನು ಮಾಡಿದ್ದು ನನ್ನ ಮಗಳಿಗಾಗಿ. ಅದಕ್ಕೇ ಆಮೇಲೆ ಆದದ್ದನ್ನು ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ಚಿಕ್ಕಮ್ಮನ ಕೆಲಸ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವುದು. ನಮ್ಮ ಮನೆಯಲ್ಲೆಲ್ಲ ಅವಳು ಕತ್ತರಿ ಚಿಕ್ಕಮ್ಮ. ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗಿದರೆ ಟೈಲರ್ ಅಂಗಡಿಯ ಪಕ್ಕ ಒಂದು ಉದ್ದನೆಯ ಕೋಣೆ, ಅದೇ ಅವಳ ಅಂಗಡಿ. ಮುಂದೆ ಒಂದು ಎತ್ತರದ ಮೇಜು. ಅದಕ್ಕೆ ಜೋಡಿಸಿದ ಕಬ್ಬಿಣದ ಕಂಬದಿಂದ ಒಂದು ಕುಣಿಕೆ ಇಳಿಬಿದ್ದಿರುತ್ತದೆ, ನಾಯಿ ಕೆಳಕ್ಕೆ ಹಾರದಿರಲಿ ಎಂದು. ಗೋಡೆ ಪಕ್ಕ ಸಿಮೆಂಟಿನ ತೊಟ್ಟಿ, ಕಿವಿ ಕಿವುಡಾಗುವ ಹಾಗೆ ಅರಚುವ ಗಾಳಿ ಮಷೀನು. ಹಿಂದುಗಡೆ ಒಂದು ಪರದೆ, ಪರದೆಯಾಚೆ ಮಂಚ, ಒಲೆ, ಅವಳ ಒಂಟಿ ಸಂಸಾರ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಬೆಳಗಿಂದ ಸಂಜೆ ತನಕ ನಾಯಿ ತಲೆ ಬಾಚ್ತೀನಿ. ಮನೇಲಿ ಇನ್ನೊಬ್ಬನ ತಲೆ ಬಾಚೋ ಶಕ್ತಿ ನನಗಿಲ್ಲಪ್ಪ."

ಅವಳ ಕೈತುಂಬ ಉಗುರಿನ ಗೀರುಗಳು. ಅವಳು ಕೊಟ್ಟ ಟೀಯಲ್ಲಿ ಒಂದಾದರೂ ಕೂದಲು ಇರದಿದ್ದರೆ ಅದು ಅವಳು ಮಾಡಿದ ಟೀ ಅಲ್ಲ. ಅಮ್ಮ ಪಾಳಿಯ ಮೇಲೆ ದುಡಿಯುವ ನರ್ಸ್ ಆಗಿದ್ದರಿಂದ ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದುದು ಆ ಅಂಗಡಿಗೆ. ಅಲ್ಲೇ ಹೋಮ್‌ವರ್ಕ್, ಅಲ್ಲೇ ಊಟ, ಒದ್ದೆ ನಾಯಿಯ ವಾಸನೆಯಲ್ಲೇ ನಿದ್ದೆ. ಹೆತ್ತವಳು ಅಮ್ಮ, ಸಾಕಿದವಳು ಚಿಕ್ಕಮ್ಮ. ಇದನ್ನು ಅಮ್ಮನ ಎದುರಿಗೇ ಹೇಳುತ್ತೇನೆ, ಅವಳೂ ಹೌದು ಅನ್ನುತ್ತಾಳೆ.

ನನ್ನ ಮಗಳಿಗೂ ಆ ಅಂಗಡಿಯ ಭಾಗ್ಯ ಸಿಗಬೇಕಿತ್ತು. ಸಿಗಲಿಲ್ಲ. ಕುಳ್ಳಿ ಎಂದು ನಾವು ಕರೆಯುವ ಈ ಹುಡುಗಿ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದಾಗ ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದೆ. ನಾಯಿಯ ಬೆನ್ನು ಸವರಿ ಕೇಕೆ ಹಾಕಿದಳು. ಅಷ್ಟರಲ್ಲೇ ಕಣ್ಣು ಊದಿತು, ಎದೆಯಲ್ಲಿ ಸೀಟಿ ಹೊಡೆದಂತೆ ಸದ್ದು, ತುಟಿ ನೀಲಿ. ಉಬ್ಬಸ, ನಾಯಿಯ ಹತ್ತಿರ ಬಿಡಬೇಡಿ ಅಂದರು ಮಕ್ಕಳ ಡಾಕ್ಟರು. ನಾಯಿಯ ಹತ್ತಿರ ಬಿಡಬೇಡಿ ಎಂದರೆ ಚಿಕ್ಕಮ್ಮನ ಹತ್ತಿರ ಬಿಡಬೇಡಿ ಎಂದೇ ಅರ್ಥ ಅನ್ನುವುದು ಅವರಿಗೆ ಹೇಗೆ ಗೊತ್ತಿರಬೇಕು?

ಅವತ್ತಿನಿಂದ ಚಿಕ್ಕಮ್ಮ ಒಂದು ಜೊತೆ ಒಗೆದ ಬಟ್ಟೆಯನ್ನು ಟೈಲರ್ ಅಂಗಡಿಯಲ್ಲಿ ಚೀಲಕ್ಕೆ ಹಾಕಿ ಇಡತೊಡಗಿದಳು. ಭಾನುವಾರ ತಲೆಗೆ ಸ್ನಾನ ಮಾಡಿ, ಅಲ್ಲಿ ಬಟ್ಟೆ ಬದಲಾಯಿಸಿ, ನಮ್ಮ ಮನೆಗೆ ಬರುತ್ತಿದ್ದಳು. ಬಂದರೂ ಹೊಸಿಲು ದಾಟುತ್ತಿರಲಿಲ್ಲ. ಹೊಸಿಲಾಚೆ ಅವಳು, ಈಚೆ ಕುಳ್ಳಿ; ನಡುವೆ ಇಸ್ಪೀಟು ಎಲೆ. ಕುಳ್ಳಿ ಎರಡು ಸಲ ಸೀನಿದರೆ ಸಾಕು, ಗೆಲ್ಲುತ್ತಿದ್ದ ಆಟ ಬಿಟ್ಟು ಎದ್ದುಬಿಡುತ್ತಿದ್ದಳು. "ಯಾಕಜ್ಜಿ ಹೋಗ್ತೀಯ?" ಅಂದರೆ "ಸೋಲೋ ಭಯ ಕಣೇ" ಅನ್ನುತ್ತಿದ್ದಳು. ಮೆಟ್ಟಿಲಿಳಿದು ಹೋಗುವ ಅವಳ ಬೆನ್ನನ್ನು ನೋಡುವುದು ನನಗೆ ಆಗುತ್ತಿರಲಿಲ್ಲ.

ಆ ಕಾಲಕ್ಕೇ ಊರಲ್ಲಿ ಪೂಡಲ್ ಮಿಶ್ರತಳಿ ನಾಯಿಗಳ ಹುಚ್ಚು ಹತ್ತಿತು. ಪೂಡಲ್ ಅಂದರೆ ಗುಂಗುರು ಕೂದಲಿನ ನಾಯಿ, ಗೊತ್ತಿರಬಹುದು. ಅದನ್ನು ಲ್ಯಾಬ್ರಡಾರ್ ಜೊತೆ ಕೂಡಿಸುವುದು, ಹುಟ್ಟಿದ ಮರಿಗೆ ಒಂದು ಮುದ್ದಾದ ಹೆಸರಿಡುವುದು, ಕೂದಲು ಉದುರಲ್ಲ, ಅಲರ್ಜಿ ಬರಲ್ಲ ಎಂದು ಮಾರುವುದು. ತಂದುಕೊಂಡವರಿಗೆ ಬಾಚುವ ವ್ಯವಧಾನ ಇರುವುದಿಲ್ಲ. ಉದುರದ ಕೂದಲು ಒಳಗೊಳಗೇ ಸುತ್ತಿ ಜಡೆಗಟ್ಟಿ ಕಂಬಳಿಯಾದ ಮೇಲೆ ಚಿಕ್ಕಮ್ಮನ ಮೇಜಿಗೆ ತರುತ್ತಾರೆ. ಅವಳು ಆ ಕಂಬಳಿಯನ್ನು ಬುಡದಿಂದ ಬೋಳಿಸಿದರೆ ಕೆಳಗೆ ಕೆಂಪು ಹುಣ್ಣು, ಕೀವು. ನಾಯಿಯ ಎದುರು "ಕಂದ, ಚಿನ್ನ" ಅನ್ನುತ್ತ ಬೋಳಿಸುತ್ತಿದ್ದಳು. ಒಡೆಯರ ಎದುರು ಅವಳ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹಾಗೆ ಬೋಳಿಸಿದ ಒಂದು ಹೆಣ್ಣನ್ನು ಅದರ ಒಡೆಯರು ವಾಪಸ್ ಕರೆದೊಯ್ಯಲು ಬರಲೇ ಇಲ್ಲ. ಅದು ಅವಳ ಮಂಚದ ಕೆಳಗೆ ಉಳಿಯಿತು. ಬೆಣ್ಣೆ ಎಂದು ಹೆಸರಿಟ್ಟಳು.

ಒಂದು ದಿನ ಫೋನಿನಲ್ಲಿ ಅವಳ ದನಿಯೇ ಬೇರೆಯಾಗಿತ್ತು. "ಏ, ಬೆಣ್ಣೆ ಮಲಗೋ ಜಾಗ ಗುಡಿಸಿದೆ ಕಣೆ. ಕಸಬರಿಕೇಲಿ ಒಂದು ಕೂದಲಿಲ್ಲ. ಒಂದೂ ಇಲ್ಲ! ಇಂಥದೇ ಒಂದು ಮರಿ ಕುಳ್ಳಿ ಮನೇಲಿದ್ರೆ? ಅದು ಒಗ್ಗಿದ್ರೆ ಇಂಥವನ್ನೇ ಇಟ್ಕೊಂಡು, ಇಂಥವಕ್ಕೇ ಕತ್ತರಿ ಹಿಡೀತೀನಿ. ಬೇರೆ ಗಿರಾಕಿ ಬೇಡ. ಕುಳ್ಳಿ ಅಂಗಡಿಗೇ ಬರಬಹುದು."

ಎಂಥ ಕನಸು ನೋಡಿ. ಒಂದು ಮಗು ತನ್ನ ಮಂಚದ ಮೇಲೆ ಕೂತು ಹೋಮ್‌ವರ್ಕ್ ಮಾಡಬೇಕು ಅಂತ ಒಬ್ಬಳು ಒಂದು ನಾಯಿ ಸಂಸಾರವನ್ನೇ ಹುಟ್ಟಿಸಲು ಹೊರಟಳು.

ಇದನ್ನು ಕೇಳಿ ಕೆಂಡವಾದವನು ನನ್ನ ಸೋದರಮಾವ. ಮಾವ ಎಲೆಕ್ಟ್ರಿಷಿಯನ್, ಹೋದ ಬೀದಿಯಲ್ಲೆಲ್ಲ ಬೀದಿನಾಯಿಗಳಿಗೆ ಬಿಸ್ಕತ್ತು ಹಾಕುತ್ತ ಏಣಿ ಹೊತ್ತು ತಿರುಗುವ ಮನುಷ್ಯ. ಅಣ್ಣ ತಂಗಿಯ ಜಗಳ ನಮ್ಮ ಮನೆಯ ಹೊಸಿಲಲ್ಲೇ ನಡೆಯಿತು.

"ದಿನಾ ಆ ನಾಯಿಗಳ ಕಂಬಳಿ ಕಿತ್ತು ಬೈತೀಯ. ಈಗ ನೀನೇ ಅಂಥವನ್ನ ಹುಟ್ಟಿಸ್ತೀಯ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!" ಅಂದ ಮಾವ.

"ನಾನು ಬೈಯೋದು ಬಾಚದೇ ಇರೋರನ್ನ. ನಾಯೀನಲ್ಲ."

"ಬೀದೀಲಿ ಮರಿಗಳು ಚಳೀಲಿ ಸಾಯ್ತಿವೆ. ಅವು ಸಾಲದಾ ನಿನಗೆ? ಬೇಕಾದ ಬಣ್ಣ, ಬೇಕಾದ ಕೂದಲು ಅಂತ ಹೇಳಿ ಮಾಡಿಸೋಕೆ ಅದೇನು ಟೈಲರ್ ಹತ್ರ ಹೊಲಿಸೋ ಅಂಗೀನಾ?"

"ಜನ ಹೊಗಳೋ ಶುದ್ಧ ಜಾತಿ ಯಾರಪ್ಪ ಹೊಲಿದಿದ್ದು? ಮೂಗು ಚಪ್ಪಟೆ ಮಾಡಿ ಮಾಡಿ ಉಸಿರಾಡಕ್ಕೂ ಬಿಟ್ಟಿಲ್ಲ ಅವನ್ನ. ಅದು ಸರಿ, ಎರಡು ಬೆರೆಸಿದ್ರೆ ತಪ್ಪು! ಒಂದು ಉಬ್ಬಸದ ಮಗು ನಾಯಿ ತಬ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ ಅಣ್ಣ?"

"ಉದುರಲ್ಲ ಅಂತ ನಿನಗೆ ಗ್ಯಾರಂಟಿ ಕೊಟ್ಟೋರು ಯಾರು?"

"ನನ್ನ ಕಸಬರಿಕೆ!"

ಮಾವ ಏಣಿ ಎತ್ತಿಕೊಂಡು ಹೊರಟ. ನನಗೆ ಇಬ್ಬರ ಮಾತೂ ಸರಿಯೆನಿಸಿ ತಲೆ ಕೆಟ್ಟಿತ್ತು. ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಕುಳ್ಳಿ ಮಾತ್ರ ಅವತ್ತು ಊಟವನ್ನೇ ಮರೆತು ಮರಿಗೆ ಹೆಸರು ಹುಡುಕುತ್ತ ಕೂತಳು.

ಬೆಣ್ಣೆಯಂಥದೇ ಮಿಶ್ರತಳಿಯ ಒಂದು ಗಂಡು ಚಿಕ್ಕಮ್ಮನ ಗಿರಾಕಿಯೊಬ್ಬರ ಮನೆಯಲ್ಲಿತ್ತು. ಎರಡನ್ನೂ ಕೂಡಿಸಿದಳು. ಮರಿಗಳಾದವು. ಒಂದು ಅಚ್ಚ ಕಪ್ಪು, ಒಂದೆರಡು ಕಂದು, ಉಳಿದವು ಕೆನೆಬಣ್ಣ. ಅವು ಕಣ್ಣುಬಿಟ್ಟು ಓಡಾಡತೊಡಗಿದ ಮೇಲೆ ಚಿಕ್ಕಮ್ಮ ತಾನು ಕಲಿತ ವಿದ್ಯೆಯಂತೆ ಒಂದು ಕೆಲಸ ಮಾಡಿದಳು. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ ಮುದುಕಿ ಬರೀ ಪೂಡಲ್‌ಗಳ ಕೆಲಸದವಳು. ಪೂಡಲ್ ಮರಿಯ ಮೂತಿಯನ್ನು ಎಳೆಯದರಲ್ಲೇ ಮಷೀನಿನಿಂದ ನುಣ್ಣಗೆ ಮಾಡಬೇಕು, ಆಗ ಮಷೀನಿನ ಸದ್ದಿಗೆ ಅದು ಜೀವನಪೂರ್ತಿ ಹೆದರುವುದಿಲ್ಲ ಎಂಬುದು ಆ ಮುದುಕಿಯ ಪಾಠ. ಚಿಕ್ಕಮ್ಮ ಒಂದೊಂದೇ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲದರ ಮೂತಿಯನ್ನೂ ನುಣ್ಣಗೆ ಮಾಡಿದಳು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡವು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವು ಹೆರದ ಇವಳಿಗೇ ಅಷ್ಟು ಮುದ್ದಾದವು.

ಒಂದು ಕೆನೆಬಣ್ಣದ ಮರಿಯನ್ನು ಟವಲಿನಲ್ಲಿ ಸುತ್ತಿ ಮನೆಗೆ ತಂದಳು. ನನ್ನ ಗಂಡ ಕಾರಿನ ಕೀಲಿ ಕೈಯಲ್ಲಿ ಹಿಡಿದೇ ನಿಂತಿದ್ದರು, ಉಸಿರು ಕಟ್ಟಿದರೆ ಓಡಲು. ಕುಳ್ಳಿ ಮರಿಯನ್ನು ಮಡಿಲಿಗೆ ತೆಗೆದುಕೊಂಡಳು. ಮುಖವನ್ನು ಅದರ ಹೊಟ್ಟೆಗೆ ಒತ್ತಿದಳು. ನಾವೆಲ್ಲ ಅವಳ ಎದೆಯನ್ನೇ ನೋಡುತ್ತ ಕೂತೆವು. ಸೀನಿಲ್ಲ, ಸೀಟಿಯಿಲ್ಲ.

"ಏನೂ ಆಗ್ತಿಲ್ಲಮ್ಮ" ಅಂದಳು ಕುಳ್ಳಿ. ಆಮೇಲೆ ಬಾತ್‌ರೂಮಿಗೆ ಹೋಗಿ ಬಂದು ಮತ್ತೆ ಮರಿಯನ್ನು ಎತ್ತಿಕೊಂಡಳು.

ಅವತ್ತು ಚಿಕ್ಕಮ್ಮ ಹೊಸಿಲು ದಾಟಿದಳು. ದಾಟಿ ನಮ್ಮ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅತ್ತಳು. ನಾನೂ ಅತ್ತೆ. ಮರಿಗೆ ಚೆಂಡು ಎಂದು ಹೆಸರಾಯಿತು.

ಆ ತಿಂಗಳುಗಳ ಸುಖವನ್ನು ಸುಳ್ಳು ಅನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಚಿಕ್ಕಮ್ಮ ದಿನವೂ ಬರುತ್ತಿದ್ದಳು. ಕುಳ್ಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು, ಚೆಂಡನ್ನು ಬಾಚುತ್ತಿದ್ದಳು. ಒಮ್ಮೊಮ್ಮೆ ಬಾಚಣಿಗೆ ಅದಲು ಬದಲಾಗಿ ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಅಂಗಡಿಗೆ ಬಂದವರಿಗೆಲ್ಲ ಒಂದೇ ಕಥೆ: "ನಮ್ಮ ಮಗು ನಾಯಿ ನೆರಳು ಬಿದ್ರೆ ನೀಲಿ ಆಗ್ತಿತ್ತು ರೀ. ಈಗ ತಬ್ಕೊಂಡು ಮಲಗುತ್ತೆ!" ಇದನ್ನು ಕೇಳಿ ಉಬ್ಬಸದ ಮಕ್ಕಳಿರುವ ಮನೆಯವರು ಹುಡುಕಿಕೊಂಡು ಬಂದರು. ಬೇರೆ ಯಾರಿಗೂ ಅವಳು ಕೊಡಲಿಲ್ಲ. ಉಳಿದ ಮರಿಗಳೆಲ್ಲ ಅಂಥ ಮನೆಗಳಿಗೇ ಹೋದವು. ಅವರೂ ಫೋನು ಮಾಡಿ ನಮ್ಮ ಮಗು ಚೆನ್ನಾಗಿದೆ, ನಿಮ್ಮ ಹೊಟ್ಟೆ ತಣ್ಣಗಿರಲಿ ಅನ್ನುತ್ತಿದ್ದರು. ಮಾವ ಕೂಡ ಒಂದು ದಿನ ಬಂದು ಚೆಂಡಿಗೆ ಬಿಸ್ಕತ್ತು ಹಾಕಿ ಹೋದ.

ಚೆಂಡು ಬೆಳೆಯಿತು. ಸೋಫಾದ ಮೇಲೆ ಕೆನೆಬಣ್ಣದ ಕೂದಲು ಕಾಣಿಸತೊಡಗಿತು. ನನ್ನ ಗಂಡನ ಕಪ್ಪು ಪ್ಯಾಂಟಿನ ಮೇಲಂತೂ ಹಿಟ್ಟು ಜರಡಿ ಹಿಡಿದಂತೆ. "ಉದುರಲ್ಲ ಅಂದಿದ್ದೆಯಲ್ಲ ಚಿಕ್ಕಮ್ಮ?" ಅಂದೆ.

"ಮರಿಗೂದಲು ಕಣೆ. ಹೋಗಿ ಬೇರೆ ಬರುತ್ತೆ" ಅಂದಳು. ಆದರೆ ಅವತ್ತಿನಿಂದ ಬಂದ ಕೂಡಲೇ ಪೊರಕೆ ಹಿಡಿಯತೊಡಗಿದಳು. ಚೆಂಡಿನ ಗಲ್ಲ ಹಿಡಿದು ಮೂತಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡುತ್ತಿದ್ದಳು. ಏನು ಎಂದು ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು.

ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಬಟ್ಟೆ ಒಣಗಿಸುತ್ತಿದ್ದೆ. ಚೆಂಡು ಓಡಿಬಂದು ನನ್ನ ಸೆರಗು ಎಳೆಯಿತು. ಆಟವೆಂದು ಗದರಿಸಿದೆ. ಬಿಡಲಿಲ್ಲ. ಒಳಗೆ ಹೋಗಿ ನೋಡಿದರೆ ಕುಳ್ಳಿ ಮಂಚದ ಅಂಚು ಹಿಡಿದು ಬಾಗಿ ಕೂತಿದ್ದಾಳೆ. ಭುಜಗಳು ಕಿವಿಯವರೆಗೆ ಏರಿ ಇಳಿಯುತ್ತಿವೆ. ಸೀಟಿಯ ಸದ್ದೂ ಇಲ್ಲ, ಗಾಳಿ ಒಳಗೆ ಹೋಗುತ್ತಿದ್ದರಲ್ಲವೇ ಸದ್ದು ಬರುವುದು! ಕೈಯಲ್ಲಿ ಅವಳ ಇನ್‌ಹೇಲರ್, ನಾವು ಪಂಪು ಅನ್ನುವುದು. ಅದನ್ನು ಒತ್ತುತ್ತಾಳೆ, ಬರಿದೇ ಚಿಕ್ ಚಿಕ್ ಅನ್ನುತ್ತದೆ. ಅವಳನ್ನು ಎತ್ತಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದೆ. ಯಾರ ಆಟೋ ಹತ್ತಿದೆ, ಯಾರು ಬಾಗಿಲು ತೆಗೆದರು, ಒಂದೂ ನೆನಪಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿ ಔಷಧಿಯ ಹೊಗೆ ಬಿಟ್ಟರು, ಸೂಜಿ ಚುಚ್ಚಿದರು. ಉಗುರುಗಳಿಗೆ ಮೆಲ್ಲಗೆ ಬಣ್ಣ ಮರಳಿತು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಸಿದಾಗ ಚಿಕ್ಕಮ್ಮ ಅಲ್ಲಿದ್ದಳು, ಟೈಲರ್ ಅಂಗಡಿಯ ಚೀಲದ ಬಟ್ಟೆಯಲ್ಲಿ.

"ತಪ್ಪು ನಂದೇ" ಅಂದಳು. "ಮೂತಿ ನುಣ್ಣಗೆ ಮಾಡಬಾರದಿತ್ತು. ಮರೀಲೇ ಯಾವುದಕ್ಕೆ ಗಡ್ಡ, ಹುಬ್ಬು ಪೊದೆ ಪೊದೆಯಾಗಿರುತ್ತೋ ಅದು ಕೂದಲು ಉದುರಿಸಲ್ಲ. ಯಾವುದರ ಮೂತಿ ಹುಟ್ತಾನೇ ನುಣ್ಣಗಿರುತ್ತೋ ಅದು ಉದುರಿಸುತ್ತೆ. ನಾನು ಎಲ್ಲವನ್ನೂ ಬೋಳಿಸಿಬಿಟ್ಟೆ, ಗುರುತೇ ಹೋಯ್ತು. ಚೆಂಡಿಗೆ ಇವತ್ತಿನವರೆಗೂ ಗಡ್ಡ ಬಂದಿಲ್ಲ. ತಪ್ಪು ಮರಿ ಕೊಟ್ಟುಬಿಟ್ಟೆ ಕಣೆ. ಆ ಕಪ್ಪು ಮರಿಗೆ ಒಳ್ಳೆ ಗಡ್ಡ ಬಂದಿದೆಯಂತೆ. ಅವರನ್ನ ಕೇಳಿ ಬದಲಾಯಿಸಿ ಕೊಡ್ತೀನಿ."

ನಾನು ಹೌಹಾರಿದೆ. ಒಳಗೆ ಮಗು ಉಸಿರಿಗೆ ಒದ್ದಾಡುತ್ತಿದೆ, ಇವಳು ಇಲ್ಲಿ ನಾಯಿ ಬದಲಾಯಿಸುವ ಮಾತಾಡುತ್ತಿದ್ದಾಳೆ! "ಅಳತೆ ತಪ್ಪಿದ ಚಪ್ಪಲೀನಾ ಅದು ಬದಲಾಯಿಸೋಕೆ? ನನ್ನ ಮಗಳು ಸಾಯ್ತಿದ್ಳು ಚಿಕ್ಕಮ್ಮ!" ಎಂದು ಕಿರುಚಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಡಾಕ್ಟರು ಹೊರಬಂದವರು ಗಡ್ಡದ ಮಾತನ್ನು ಕೇಳಿಸಿಕೊಂಡಿರಬೇಕು. ಸಿಟ್ಟಿನ ಮನುಷ್ಯನಲ್ಲ ಆತ, ಮೆಲ್ಲಗೇ ಹೇಳಿದರು.

"ಅಮ್ಮ, ಕೂದಲಿನ ಮಾತೇ ಅಲ್ಲ ಇದು. ನಾಯಿ ಎಂಜಲಲ್ಲಿ, ಚರ್ಮದಿಂದ ಏಳೋ ಹೊಟ್ಟಲ್ಲಿ ಇರೋದು ತೊಂದರೆ. ಅದು ಎಲ್ಲ ನಾಯಿಗೂ ಇದೆ. ಉದುರಿಸೋದಕ್ಕೂ ಇದೆ, ಉದುರಿಸದೇ ಇರೋದಕ್ಕೂ ಇದೆ. ಒಂದೊಂದು ಮಗುಗೆ ಒಂದೊಂದು ನಾಯಿ ಒಗ್ಗಬಹುದು, ಇಲ್ಲ ಅನ್ನಲ್ಲ. ಆದ್ರೆ ತಳಿ ನೋಡಿ ಯಾರೂ ಮಾತು ಕೊಡೋಕಾಗಲ್ಲ."

"ಪೂಡಲ್‌ಗೂ ಇದೆಯಾ?" ಅಂದಳು ಚಿಕ್ಕಮ್ಮ.

"ಪೂಡಲ್‌ಗೂ ಇದೆ."

ಅವಳು ಗೋಡೆ ಹಿಡಿದುಕೊಂಡಳು. ಜೀವಮಾನವೆಲ್ಲ ಕೂದಲನ್ನೇ ನೋಡಿದವಳಿಗೆ ಲೋಕದ ಕೇಡೆಲ್ಲ ಕೂದಲಲ್ಲೇ ಕಂಡದ್ದರಲ್ಲಿ ಆಶ್ಚರ್ಯವೇನು. ನನ್ನ ಸಿಟ್ಟು ಅರ್ಧದಲ್ಲೇ ನಿಂತುಹೋಯಿತು. ಆಮೇಲೆ ಏನೋ ಹೊಳೆದಂತೆ ಅವಳು ತಲೆಯೆತ್ತಿದಳು. "ಹಾಗಾದ್ರೆ ಇಷ್ಟು ತಿಂಗಳು ಹೇಗೆ ಚೆನ್ನಾಗಿದ್ಳು?"

ಒಳಗೆ ಹೋಗಲು ಬಿಟ್ಟರು. ಚಿಕ್ಕಮ್ಮ ಬಾಗಿಲಲ್ಲೇ ನಿಂತಳು. ಕುಳ್ಳಿ ಅವಳನ್ನು ಕಂಡು ಮಾಸ್ಕನ್ನು ಪಕ್ಕಕ್ಕೆ ಸರಿಸಿದಳು.

"ಅಜ್ಜಿ, ಚೆಂಡೂನ ಬೈಬೇಡ. ಪಂಪು ಖಾಲಿಯಾಯ್ತು, ಅದಕ್ಕೇ ಹೀಗಾಯ್ತು."

"ಹೇಗೆ ಖಾಲಿಯಾಗುತ್ತೆ? ಕಪಾಟಲ್ಲಿದ್ದ ಪಂಪು ತುಂಬಿತ್ತಲ್ಲ" ಅಂದೆ ನಾನು.

"ಅದಲ್ಲಮ್ಮ. ಸ್ಕೂಲ್ ಬ್ಯಾಗಲ್ಲಿರೋದು."

"ಯಾವತ್ತಿಂದ ತಗೋತಿದೀಯ?"

"ಚೆಂಡು ಬಂದ ದಿನದಿಂದ. ಬಾತ್‌ರೂಮಲ್ಲಿ."

ನಾವೆಲ್ಲ ಅವಳ ಎದೆಯನ್ನು ನೋಡುತ್ತ ಕೂತಿದ್ದ ಆ ದಿನ, ಮರಿಯ ಹೊಟ್ಟೆಗೆ ಮುಖ ಒತ್ತಿದ್ದ ಆ ದಿನವೇ ಅವಳಿಗೆ ಉಸಿರು ಕಟ್ಟಿತ್ತು. ಚಿಕ್ಕಮ್ಮ ಬಾಗಿಲಿಂದಲೇ ಕೇಳಿದಳು.

"ಯಾಕೆ ಕಂದ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಹೊಸಿಲಾಚೆ ಕೂತ್ಕೋತಿದ್ದೆ."

ನರ್ಸು ಬಂದು ಮಾಸ್ಕನ್ನು ಮತ್ತೆ ಸರಿಮಾಡಿದಳು.

ಮುಂದೆ ಚೆಂಡನ್ನು ಕರೆದೊಯ್ದವನು ಮಾವ. 'ನಾನು ಆಗಲೇ ಹೇಳಿರಲಿಲ್ವಾ' ಎಂಬ ಮಾತು ಅವನ ಬಾಯಿಂದ ಬರಲಿಲ್ಲ, ಅದೊಂದು ದೊಡ್ಡತನ. ಬೆಣ್ಣೆಗೆ ಮರಿಯಾಗದಂತೆ ಚಿಕ್ಕಮ್ಮ ಆಪರೇಷನ್ ಮಾಡಿಸಿದಳು. ಅಂಗಡಿ ಈಗಲೂ ಇದೆ, ಕತ್ತರಿಯೂ ನಿಂತಿಲ್ಲ. ಭಾನುವಾರದ ಇಸ್ಪೀಟು ಹೊಸಿಲಿನ ಎರಡೂ ಕಡೆಯಿಂದ ನಡೆಯುತ್ತದೆ, ಕುಳ್ಳಿ ಈಗ ಮೋಸ ಮಾಡಿ ಗೆಲ್ಲುವುದನ್ನೂ ಕಲಿತಿದ್ದಾಳೆ. ಆದರೆ ಇದೆಲ್ಲ ಆಮೇಲಿನ ಮಾತು.

ಅವತ್ತು ಚಿಕ್ಕಮ್ಮ ಬಾಗಿಲಿಂದ ಹಿಂದೆ ಸರಿದು ಬೆಂಚಿನ ಮೇಲೆ ಕೂತಳು.

"ಇವಳನ್ನ ತೋರಿಸಿ ತಾನೇ ನಾನು ಎಲ್ಲರಿಗೂ ಮರಿ ಕೊಟ್ಟಿದ್ದು" ಅಂದಳು. ಫೋನು ತೆಗೆದಳು. ನಂಬರು ತೋರಿಸಿ ನನ್ನ ಕೈಗೆ ಕೊಟ್ಟಳು. ನಾನು ಒತ್ತಿ ಸ್ಪೀಕರ್ ಹಾಕಿದೆ.

ಕಪ್ಪು ಮರಿ ಹೋದ ಮನೆ ಅದು. ಅಲ್ಲಿ ಉಬ್ಬಸದ ಮಗನಿದ್ದ. ಅವನ ತಾಯಿ ನಗುನಗುತ್ತಲೇ ಮಾತಾಡಿದರು. "ಅಯ್ಯೋ, ಈಗಷ್ಟೇ ನಿಮ್ಮ ವಿಷಯ ಮಾತಾಡ್ತಿದ್ವಿ. ನೂರು ವರ್ಷ ಆಯಸ್ಸು ನಿಮಗೆ! ಇವನು ತುಂಬ ಚೆನ್ನಾಗಿದಾನೆ, ಉಬ್ಬಸದ ಸುದ್ದಿನೇ ಇಲ್ಲ."

"ಅಮ್ಮ, ಒಂದು ಕೆಲಸ ಮಾಡಿ" ಅಂದಳು ಚಿಕ್ಕಮ್ಮ. "ಈಗಲೇ ಮಗನ್ನ ಒಬ್ಬನನ್ನೇ ಕೂರಿಸ್ಕೊಂಡು ಕೇಳಿ, ನಿಜವಾಗ್ಲೂ ಉಸಿರು ಚೆನ್ನಾಗಿದೆಯಾ ಅಂತ. ಯಾರಿಗೂ ಅವನ ಮೇಲೆ ಕೋಪ ಇಲ್ಲ ಅಂತ ಮೊದಲು ಹೇಳಿ. ಆಮೇಲೆ ಕೇಳಿ. ನಾನು ಫೋನು ಇಡಲ್ಲ."

"ಏನು, ಹೀಗ್ಯಾಕೆ ಮಾತಾಡ್ತಿದೀರ?"

"ದಯವಿಟ್ಟು ಕೇಳಿ."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ದೂರದಲ್ಲಿ ನಾಯಿ ಬೊಗಳಿತು, ಒಂದು ಬಾಗಿಲು ಮುಚ್ಚಿತು. ನಾವಿಬ್ಬರೂ ಫೋನನ್ನೇ ನೋಡುತ್ತ ಕೂತೆವು. ಯಾರೋ ತಳ್ಳುಗಾಡಿ ತಳ್ಳಿಕೊಂಡು ನಮ್ಮ ಮುಂದೆ ಹಾದುಹೋದರು. ಚಿಕ್ಕಮ್ಮ ನನ್ನ ಮಣಿಕಟ್ಟನ್ನು ನೋಯುವ ಹಾಗೆ ಹಿಡಿದಿದ್ದಳು.

ಆ ತಾಯಿ ಮರಳಿ ಬಂದಾಗ ದನಿಯಲ್ಲಿ ನಗುವಿರಲಿಲ್ಲ.

"ಅವನ ಅಜ್ಜನ ಪಂಪು ಕಾಣ್ತಿಲ್ಲ ಅಂತ ವಾರದಿಂದ ಮನೆಯೆಲ್ಲ ಹುಡುಕ್ತಿದೀವಿ" ಅಂದರು. "ಇವನ ಹಾಸಿಗೆ ಕೆಳಗಿತ್ತು."

ಚಿಕ್ಕಮ್ಮ ಕಣ್ಣು ಮುಚ್ಚಿದಳು.

"ಹೆತ್ತ ನನಗೇ ಗೊತ್ತಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?" ಎಂದು ಆ ತಾಯಿ ಕೇಳಿದರು.

"ನಮ್ಮ ಮಗೂನೂ ತುಂಬ ಚೆನ್ನಾಗಿತ್ತಮ್ಮ" ಅಂದಳು ಚಿಕ್ಕಮ್ಮ.